ಮೂರು ಮೌಂಟು, ನಾಲ್ಕು ಭಂಗಿ, ಒಂದು ಏರ್ ರೈಫಲ್

ಗುಬ್ಬಿ ಕಡೆ ಇರುವ ನಮ್ಮ ತೆಂಗಿನ ತೋಟದಲ್ಲಿ ಮರಕ್ಕೂ ಮರಕ್ಕೂ 30 ಅಡಿ ಅಂತರ. ನಮ್ಮ ಮಾವ ಹಗ್ಗ ಹಿಡಿದು ಅಳೆದು ನೆಟ್ಟಿದ್ದು. ಮುಂದೆ ಸೊಸೆಗೆ ಇದು ಶೂಟಿಂಗ್ ರೇಂಜ್ ಆಗುತ್ತದೆ ಅಂತ ಪಾಪ ಅವರಿಗೇನು ಗೊತ್ತು! 30 ಅಡಿ ಅಂದರೆ 9 ಮೀಟರ್‌ಗೆ ಚೂರು ಜಾಸ್ತಿ. ಪಕ್ಕದ ಮರದ ಹತ್ತಿರ ಗುರಿಹಲಗೆ ಇಟ್ಟರೆ 9 ಮೀಟರ್, ಅದರಾಚೆ ಮರದ ಹತ್ತಿರ ಇಟ್ಟರೆ 18. ಟೇಪೇ ಬೇಡ.

ಸಂಕ್ರಾಂತಿಯಿಂದ ಯುಗಾದಿವರೆಗೆ ಹೆಚ್ಚುಕಮ್ಮಿ ಪ್ರತಿ ಭಾನುವಾರ ತುಮಕೂರಿಂದ ಹೊರಟು ಅಲ್ಲಿಗೆ ಹೋಗಿ, ಒಂದೇ ರೈಫಲ್‌ಗೆ ಮೂರು ಬಗೆಯ ಸ್ಕೋಪ್ ಮೌಂಟ್ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ. ಸ್ಕೋಪ್ ಅಂದರೆ ಗುರಿ ನೋಡುವ ದುರ್ಬೀನು, ಮೌಂಟ್ ಅಂದರೆ ಅದನ್ನು ರೈಫಲ್ ಮೇಲೆ ಕೂರಿಸುವ ಹಿಡಿ. ರೈಫಲ್ ಸಾಮಾನ್ಯದ್ದೇ. ಬ್ಯಾರಲ್ (ನಳಿಗೆ) ಮಡಚಿ ಪೆಲೆಟ್ (ಚಿಕ್ಕ ಗುಂಡು) ತುಂಬುವ ಸ್ಪ್ರಿಂಗ್ ಏರ್ ರೈಫಲ್, ನಳಿಗೆಯ ತೂತು 0.177 ಇಂಚು, ಹೊಡೆತದ ಶಕ್ತಿ 20 ಜೂಲ್ ಒಳಗೆ. ಹಾಗಾಗಿ ಲೈಸೆನ್ಸ್ ಬೇಕಿಲ್ಲ. ಸ್ಕೋಪ್ 3ರಿಂದ 9 ಪಟ್ಟು ದೊಡ್ಡದು ಮಾಡಿ ತೋರಿಸುವುದು, ಮುಂದಿನ ಗಾಜು 40 ಮಿ.ಮೀ., ಕೊಳವೆ 1 ಇಂಚಿನದು.

ಮೊದಲ ವಾರ ಪಂಪ್‌ಹೌಸ್ ಕಟ್ಟೆ ಮೇಲೆ ಕೂತು ತಿರುಪು ಬಿಚ್ಚುತ್ತಿದ್ದೆ. ಕಾಯಿ ಕೀಳಲು ಬಂದವನು ಸ್ವಲ್ಪ ಹೊತ್ತು ನೋಡಿ, "ಏನಕ್ಕ, ಇದ್ರಾಗೆ ಕೋತಿ ಓಡ್ತಾವಾ?" ಅಂದ. ನಮ್ಮ ಕಡೆ ಏರ್‌ಗನ್ ಕಂಡವರೆಲ್ಲ ಕೇಳುವುದು ಇದನ್ನೇ. ಎಳನೀರನ್ನೆಲ್ಲ ಕೋತಿಗಳು ಕಿತ್ತು ಬಿಸಾಕುವುದನ್ನು ದಿನಾ ನೋಡುವವರ ಸಂಕಟ ನನಗೂ ಗೊತ್ತು. ಆದರೆ ಕೋತಿಗಾಗಲಿ ಹಕ್ಕಿಗಾಗಲಿ ಹೊಡೆಯುವುದು ಕಾನೂನಿಗೂ ತಪ್ಪು, ನನಗೂ ಬೇಡ. ನಾನು ಹೊಡೆಯುವುದು ಕಾಗದಕ್ಕೆ, ಬೇಜಾರಾದರೆ ಕರಟಕ್ಕೆ. ಗುರಿಯ ಹಿಂದೆ ಆಳೆತ್ತರದ ಮಣ್ಣಿನ ಬದು, ಅದರ ಮುಂದೆ ಮರಳು ಚೀಲ. ಕಲ್ಲು, ತಗಡು ಹಿಂದೆ ಇದ್ದರೆ ಪೆಲೆಟ್ ಪುಟಿದು ವಾಪಸ್ ಬರುತ್ತದೆ. ಕನ್ನಡಕ ಹಾಕದೆ ಯಾರನ್ನೂ ಹತ್ತಿರ ಬಿಡುವುದಿಲ್ಲ.

ಮೊದಲು ಹಾಕಿದ್ದು ಎರಡು ಬಿಡಿ ರಿಂಗ್‌ಗಳ ಗಿಡ್ಡ ಮೌಂಟು. ರೈಫಲ್‌ನ ಬೆನ್ನ ಮೇಲೆ 11 ಮಿ.ಮೀ. ಡವ್‌ಟೇಲ್, ಅಂದರೆ ಬದಿಗಳನ್ನು ಒಳಕ್ಕೆ ಕೊರೆದ ಹಳಿ, ಇರುತ್ತದಲ್ಲ, ಅದನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುವಂಥದ್ದು. ನೋಡಲು ಅಂದ ಅಂದರೆ ಇದೇ. ಸ್ಕೋಪ್ ರೈಫಲ್‌ಗೆ ಅಂಟಿ ಮಲಗಿದ ಹಾಗೆ ಕಾಣುತ್ತದೆ, ತೂಕವೂ ಕಡಿಮೆ. "ಸ್ಕೋಪ್ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು" ಅಂತ ಎಲ್ಲರೂ ಹೇಳುತ್ತಾರೆ. ನಾನೂ ನಂಬಿದ್ದೆ.

ಅರ್ಧ ಡಬ್ಬಿ ಪೆಲೆಟ್ ಮುಗಿಯುವಷ್ಟರಲ್ಲಿ ಗುರಿ ತಪ್ಪತೊಡಗಿತು. ಬೆಳಿಗ್ಗೆ ಸರಿ ಮಾಡಿಟ್ಟ ಜೀರೋ (ಸ್ಕೋಪ್ ತೋರಿಸಿದಲ್ಲೇ ಪೆಲೆಟ್ ಬೀಳುವ ಹೊಂದಾಣಿಕೆ) ಮಧ್ಯಾಹ್ನಕ್ಕೆ ಇರಲಿಲ್ಲ. ಮೊದಲು ಪೆಲೆಟ್ ಬೈದೆ. ಆಮೇಲೆ ಸ್ಕೋಪ್ ಬೈದೆ. ಕೊನೆಗೆ ಮಗಳು, "ಅಮ್ಮ, ಪೆನ್ಸಿಲ್ ಗೆರೆ ಹಾಕಿಡೋಣ, ಅಲ್ಲಾಡುತ್ತಾ ನೋಡೋಣ" ಅಂದಳು. ಎರಡೂ ರಿಂಗ್‌ನ ಹಿಂದೆ ಗೆರೆ ಎಳೆದು 40 ಸುತ್ತು ಹೊಡೆದೆ. ಗೆರೆ ರಿಂಗಿನ ಕೆಳಗೆ ಮುಚ್ಚಿಹೋಗಿತ್ತು. ಇಡೀ ಸ್ಕೋಪ್ ಹಿಂದಕ್ಕೆ ಜರುಗುತ್ತಿತ್ತು.

ಸ್ಪ್ರಿಂಗ್ ರೈಫಲ್ ಒದೆಯುವುದು ಎರಡು ಸಲ. ಟ್ರಿಗರ್ ಎಳೆದ ಕೂಡಲೇ ಒಳಗಿನ ಪಿಸ್ಟನ್ ಮುಂದಕ್ಕೆ ಹಾರುತ್ತದೆ, ರೈಫಲ್ ಹಿಂದಕ್ಕೆ ಬರುತ್ತದೆ. ಪಿಸ್ಟನ್ ತುದಿ ಮುಟ್ಟಿ ನಿಂತಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಆ ಎರಡನೇ ಜಗ್ಗಿಗೆ ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ, ರೈಫಲ್ ಅದರಡಿಯಿಂದ ಮುಂದೆ ಹೋಗುತ್ತದೆ. ಬಸ್ಸು ಹೊರಟಾಗ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಹಾಗೆ. ಮೌಂಟಿನಲ್ಲಿ ಸ್ಟಾಪ್ ಪಿನ್ ಇದ್ದರೆ ಅದು ರೈಫಲ್ ಬೆನ್ನ ಮೇಲಿನ ತೂತಿನಲ್ಲಿ ಕೂತು ಜರುಗುವುದನ್ನು ತಡೆಯುತ್ತದೆ. ನನ್ನ ಗಿಡ್ಡ ರಿಂಗ್‌ಗಳಲ್ಲಿ ಪಿನ್ ಇರಲಿಲ್ಲ. ಅಂಗಡಿಯವರು "ಎಲ್ಲದಕ್ಕೂ ಆಗತ್ತೆ ಮೇಡಂ" ಅಂತ ಕೊಟ್ಟಿದ್ದರು.

ಇಲ್ಲಿ ನನ್ನದೂ ಒಂದು ತಪ್ಪಾಯಿತು. ಜರುಗುತ್ತದೆ ಅಂತ ಸಿಟ್ಟಿನಲ್ಲಿ ಮೇಲಿನ ರಿಂಗ್ ತಿರುಪುಗಳನ್ನು ಬಲವೆಲ್ಲ ಹಾಕಿ ಬಿಗಿದೆ. ಜರುಗುತ್ತಿದ್ದದ್ದು ಕೆಳಗಿನ ಹಿಡಿತ, ನಾನು ಹಿಂಡಿದ್ದು ಸ್ಕೋಪಿನ ಕೊಳವೆಯನ್ನು. ಬಿಚ್ಚಿದಾಗ ಕೊಳವೆ ಮೇಲೆ ಬಳೆ ಒತ್ತಿದ ಹಾಗೆ ಗುರುತು. ಜೂಮ್ ತಿರುಗಿಸುವುದೂ ಆವತ್ತಿನಿಂದ ಸ್ವಲ್ಪ ಬಿಗಿ. ಈ ತಿರುಪುಗಳಿಗೆ 2 ನ್ಯೂಟನ್ ಮೀಟರ್ ಬಲ ಸಾಕು. ಅಲೆನ್ ಕೀಯ ಗಿಡ್ಡ ಕಾಲನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, ತಿರುಗದಾದಾಗ ನಿಲ್ಲಿಸಿದರೆ ಆಯಿತು. ಒಂದನ್ನೇ ಪೂರ್ತಿ ಬಿಗಿಯಬಾರದು. ಕಾರಿನ ಚಕ್ರದ ನಟ್ ಹಾಗೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ.

ಎರಡನೆಯದು ಒಂದೇ ತುಂಡಿನ ಮೌಂಟು. ಮಧ್ಯಮ ಎತ್ತರ, ಕೆಳಗೆ ಸ್ಟಾಪ್ ಪಿನ್, ಉದ್ದಕ್ಕೂ ಡವ್‌ಟೇಲ್ ಕಚ್ಚುವ ಹಿಡಿ. ಭಾರ ಇದೆ, ಅಂದವೂ ಅಷ್ಟಕ್ಕಷ್ಟೆ. ಆದರೆ ಪೆನ್ಸಿಲ್ ಗೆರೆ ಇದ್ದಲ್ಲೇ ಇತ್ತು. ಆ ಭಾನುವಾರ ಮುಗಿದಾಗಲೂ, ಮುಂದಿನ ಭಾನುವಾರವೂ. ಜರುಗುವ ವಿಷಯಕ್ಕೆ ಬಂದರೆ ಹೋಲಿಕೆ ಅಲ್ಲಿಗೇ ಮುಗಿಯಿತು.

ಮೂರನೆಯದು ಡವ್‌ಟೇಲ್ ಮೇಲೆ ಕೂರುವ ಪಿಕಟಿನ್ನಿ ಪಟ್ಟಿ, ಅದರ ಮೇಲೆ ಎತ್ತರದ ರಿಂಗ್‌ಗಳು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಟ್ಟಿಯಲ್ಲಿ 10 ಮಿ.ಮೀ.ಗೊಂದು ಅಡ್ಡ ಕಚ್ಚು ಇರುವುದರಿಂದ ಸ್ಕೋಪನ್ನು ಹಿಂದೆ ಮುಂದೆ ಸರಿಸುವುದು ಬಲು ಸುಲಭ. ಆದರೆ ಸಡಿಲವಾಗಬಹುದಾದ ಜಾಗ ಒಂದಿದ್ದದ್ದು ಎರಡಾಯಿತು. ಸ್ಕೋಪ್ ಅಂತೂ ಅಟ್ಟದ ಮೇಲೆ ಹತ್ತಿ ಕೂತಂತೆ.

ಇಷ್ಟಕ್ಕೇ ನಿಲ್ಲಿಸಿದ್ದರೆ "ಒಂದೇ ತುಂಡಿನದು ತಗೊಳ್ಳಿ" ಅಂತ ಒಂದು ಸಾಲಲ್ಲಿ ಮುಗಿಸಬಹುದಿತ್ತು. ಆದರೆ ನಾನು ಅಲ್ಲಿವರೆಗೆ ಹೊಡೆದದ್ದೆಲ್ಲ ಕೂತು. ನಿಂತು ಹೊಡೆಯಲು ಹೋದ ಮೊದಲ ದಿನ ನನ್ನ ಐದು ಪೆಲೆಟ್ ಬಿದ್ದ ಜಾಗ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಷ್ಟಗಲ.

ಮಗಳನ್ನು ಕೂರಿಸಿಕೊಂಡು ಒಂದು ಪರೀಕ್ಷೆ ಮಾಡಿದೆ. ಬಟ್‌ನ (ಭುಜಕ್ಕೆ ಕೊಡುವ ಹಿಂಭಾಗದ) ಮೇಲೆ, ಕೆನ್ನೆ ಊರುವ ಕಡೆ, ಬಿಳಿ ಟೇಪ್ ಅಂಟಿಸಿದೆವು. ಕಣ್ಣು ಮುಚ್ಚಿ ರೈಫಲ್ ಎತ್ತಿ ಭುಜಕ್ಕೆ ಕೊಟ್ಟು ಕೆನ್ನೆ ಇಡುವುದು. ಕೆನ್ನೆಯ ಮೂಳೆ ಕೂತ ಜಾಗಕ್ಕೆ ಅವಳು ಗುರುತು ಹಾಕುವುದು. ಆಮೇಲೆ ಕಣ್ಣು ಬಿಟ್ಟು ಸ್ಕೋಪಿನಲ್ಲಿ ಏನು ಕಾಣುತ್ತದೆ ಹೇಳುವುದು. ನಿಂತು, ಮಂಡಿಯೂರಿ, ಚಕ್ಕಳಮಕ್ಕಳ ಕೂತು, ಮಲಗಿ, ಹೀಗೆ ನಾಲ್ಕು ಭಂಗಿಗೂ. ನಿಂತಾಗಿನ ಗುರುತಿಗೂ ಮಲಗಿದಾಗಿನ ಗುರುತಿಗೂ ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ! ಮಲಗಿದಾಗ ತಲೆ ಆಮೆಯ ಹಾಗೆ ಮುಂದೆ ಚಾಚುತ್ತದೆ, ನಿಂತಾಗ ಹಿಂದೆ ಇರುತ್ತದೆ. ಸ್ಕೋಪಿಗೂ ಕಣ್ಣಿಗೂ ನಡುವೆ 8ರಿಂದ 9 ಸೆಂಟಿಮೀಟರ್ ಇದ್ದಾಗ ಮಾತ್ರ ನನ್ನ ಸ್ಕೋಪಿನಲ್ಲಿ ಪೂರ್ತಿ ದುಂಡು ಕಾಣುತ್ತದೆ. ಹೆಚ್ಚುಕಮ್ಮಿಯಾದರೆ ಅಂಚಿನಲ್ಲಿ ಗ್ರಹಣ ಹಿಡಿದಂತೆ ಕಪ್ಪು. ಕಪ್ಪು ಹೋಗಲಿ ಅಂತ ಕತ್ತು ಚಾಚುತ್ತೇವೆ, ಕೆನ್ನೆ ಜಾರುತ್ತದೆ, ಗುರಿ ಹಾಳು.

ಗಿಡ್ಡ ಮೌಂಟು ಮಲಗಿ ಹೊಡೆಯಲು ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಕಾಲೇಜಿನಲ್ಲಿ ಎನ್‌ಸಿಸಿಯ .22 ರೈಫಲ್ ಹಿಡಿದು ಮಲಗಿದ ನೆನಪಾಯಿತು. ಆದರೆ ಬ್ಯಾರಲ್ ಮಡಚುವ ರೈಫಲ್‌ಗೆ ಮಲಗುವ ಭಂಗಿಯೇ ಒಗ್ಗುವುದಿಲ್ಲ. ಪ್ರತಿ ಸುತ್ತಿಗೂ ಎದ್ದು ಮಡಚಬೇಕು, ತುಂಬಬೇಕು, ಮತ್ತೆ ಮಲಗಬೇಕು. ಹತ್ತು ಸುತ್ತಿಗೆ ಹತ್ತು ದೀರ್ಘದಂಡ ನಮಸ್ಕಾರ. ನನ್ನ ವಯಸ್ಸಿಗೆ ಬೇಡ.

ಅದೇ ಗಿಡ್ಡ ಮೌಂಟಿನಲ್ಲಿ ನಿಂತರೆ ತಲೆ ಬಗ್ಗಿಸಿ ಗಲ್ಲವನ್ನು ಎದೆಗೆ ಒತ್ತಬೇಕು. ಹುಬ್ಬಿನ ಅಡಿಯಿಂದ ನೋಡಬೇಕು. ಹತ್ತು ಸೆಕೆಂಡಿಗೆ ಕತ್ತಿನ ನರ ಎಳೆಯುತ್ತದೆ, ಸ್ಕೋಪಿನೊಳಗಿನ ಗುರಿಗೆರೆ, ಅಂದರೆ ಕ್ರಾಸ್‌ಹೇರ್, ಕುಣಿಯುತ್ತದೆ. ಮಧ್ಯಮ ಎತ್ತರದ್ದು ಹಾಕಿದಾಗ ತಲೆ ನೆಟ್ಟಗೆ ನಿಂತಿತು, ರೈಫಲ್ ನನ್ನ ಮುಖದ ಹತ್ತಿರ ಬಂತು. ಆದರೆ ಕೆನ್ನೆ ಗಾಳಿಯಲ್ಲಿ ತೇಲುತ್ತಿತ್ತು. ಅತ್ತೆಯ ಹಳೇ ಕೌದಿಯಿಂದ ಒಂದು ತುಂಡು ಮಡಚಿ, ಬಟ್ ಮೇಲಿಟ್ಟು, ಸೈಕಲ್ ಟ್ಯೂಬಿನಲ್ಲಿ ಸುತ್ತಿದೆ. ಒಂದೂವರೆ ಸೆಂಟಿಮೀಟರ್ ಏರಿತು. ಕೆನ್ನೆಗೆ ನೆಲೆ ಸಿಕ್ಕಿತು. 18 ಮೀಟರ್‌ನಲ್ಲಿ ನಿಂತು ಹೊಡೆದ ಐದು ಸುತ್ತಿನ ಗುಂಪು ಆರು ಸೆಂಟಿಮೀಟರ್‌ನಿಂದ ನಾಲ್ಕೂವರೆಗೆ ಇಳಿಯಿತು. ಸ್ಕೋಪ್ ಅದೇ, ಪೆಲೆಟ್ ಅದೇ.

ಎತ್ತರಕ್ಕೆ ಬೆಲೆ ಇದೆ. 18 ಮೀಟರ್‌ಗೆ ಜೀರೋ ಮಾಡಿ, ಪಕ್ಕದ ಮರದ ಹತ್ತಿರ, 9 ಮೀಟರ್‌ನಲ್ಲಿ ಹೊಡೆದು ನೋಡಿದೆ. ಗಿಡ್ಡ ಮೌಂಟಿನಲ್ಲಿ ಪೆಲೆಟ್ ಗುರಿಗಿಂತ 8 ಮಿ.ಮೀ. ಕೆಳಗೆ ಬಿತ್ತು. ಪಿಕಟಿನ್ನಿ ಪಟ್ಟಿಯ ಎತ್ತರದಲ್ಲಿ 16 ಮಿ.ಮೀ. ಕೆಳಗೆ. ಕಣ್ಣು ಮೇಲೆ, ಬ್ಯಾರಲ್ ಕೆಳಗೆ. ಎರಡೂ 18 ಮೀಟರ್‌ನಲ್ಲಿ ಸೇರಬೇಕಾದರೆ ಹತ್ತಿರದಲ್ಲಿ ಅವುಗಳ ನಡುವೆ ಸಂದು ಇದ್ದೇ ಇರುತ್ತದೆ. ಕರಟಕ್ಕೆ ಹೊಡೆಯುವವರಿಗೆ ಇದು ಲೆಕ್ಕಕ್ಕಿಲ್ಲ. ಕಾಗದದ ಚುಕ್ಕಿಗೆ ಹೊಡೆಯುವವರು ನೆನಪಿಟ್ಟುಕೊಳ್ಳಬೇಕು.

ನಿಲ್ಲುವುದನ್ನು ನಾನು ಮೊದಲು ಸಿನಿಮಾ ಪೊಲೀಸರ ಹಾಗೆ ಮಾಡುತ್ತಿದ್ದೆ. ಎದೆ ಗುರಿಯ ಕಡೆ, ಎರಡೂ ಮೊಣಕೈ ಗಾಳಿಯಲ್ಲಿ. ಮೂರು ಕೆಜಿ ದಾಟಿದ ರೈಫಲ್ ತೋಳಿನ ಮೇಲೇ ತೂಗುತ್ತಿತ್ತು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದ ವಿಡಿಯೊ ಹಾಕಿ ನೋಡಿದರೆ ಬೇರೆಯೇ ಕಥೆ. ಗುರಿಗೆ ಪಕ್ಕ ಕೊಟ್ಟು ನಿಲ್ಲುವುದು, ಎಡ ಮೊಣಕೈ ಸೊಂಟದ ಮೂಳೆ ಮೇಲೆ, ಬೆನ್ನು ಸ್ವಲ್ಪ ಹಿಂದಕ್ಕೆ. ಭಾರ ಸ್ನಾಯುವಿಗೆ ಬೀಳದೆ ಮೂಳೆಯಿಂದ ಮೂಳೆಗೆ ಇಳಿದು ನೆಲ ಸೇರುತ್ತದೆ. ನಮ್ಮ ಹೆಂಗಸರು ಬಿಂದಿಗೆಯನ್ನು ಸೊಂಟಕ್ಕೆ ಕೊಡುವುದೂ ಇದೇ ಲೆಕ್ಕಾಚಾರ ಅಲ್ವಾ? ಆ ಸ್ಪರ್ಧೆಯಲ್ಲಿ ಸ್ಕೋಪ್ ಇಲ್ಲ, ಸಣ್ಣ ತೂತಿನಲ್ಲಿ ನೋಡಿ ಗುರಿ ಹಿಡಿಯುವ ಪೀಪ್ ಸೈಟ್ ಮಾತ್ರ. ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್. ನೆನೆಸಿಕೊಂಡರೆ ನನ್ನ ನಾಲ್ಕೂವರೆ ಸೆಂಟಿಮೀಟರ್ ಬಗ್ಗೆ ನಾಚಿಕೆ. ಇನ್ನು 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಲೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯಲ್ಲಿ ಮಂಡಿಯೂರಿ, ಮಲಗಿ, ನಿಂತು ಮೂರೂ ಭಂಗಿ ಇದೆ. ಅಲ್ಲಿ ಭಂಗಿ ಬದಲಾದ ಹಾಗೆ ಬಟ್ ತಟ್ಟೆ, ಕೆನ್ನೆ ಹಲಗೆ, ಸೈಟ್ ಎಲ್ಲವನ್ನೂ ಸರಿಸಿಕೊಳ್ಳುತ್ತಾರೆ. ಒಂದೇ ಜೋಡಣೆಯಲ್ಲಿ ಮೂರನ್ನೂ ನಡೆಸಲು ಅವರೇ ಹೋಗುವುದಿಲ್ಲ. ನಾನು ನಾಲ್ಕನ್ನು ನಡೆಸಲು ಹೊರಟಿದ್ದೆ.

ಮಂಡಿಯೂರುವುದು ನನಗೆ ಕೈ ಹತ್ತಲಿಲ್ಲ. ಬಲ ಹಿಮ್ಮಡಿ ಮೇಲೆ ಕೂತು ಎರಡು ನಿಮಿಷಕ್ಕೆ ಪಾದ ಜೋಮು.

ಚಕ್ಕಳಮಕ್ಕಳ ಕೂತು ಹೊಡೆಯುವುದು ಮಾತ್ರ ನಮ್ಮವರಿಗೆ ಹೇಳಿ ಮಾಡಿಸಿದ್ದು. ನೆಲದ ಮೇಲೆ ಕೂತು ಉಂಡು ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಎರಡು ಮೊಣಕೈ ಎರಡು ತೊಡೆಯ ಒಳಬದಿಗೆ. ಮೊಣಕೈ ಮೂಳೆಯನ್ನು ಮಂಡಿ ಚಿಪ್ಪಿನ ಮೇಲೇ ಇಟ್ಟರೆ ಗೋಲಿ ಮೇಲೆ ಗೋಲಿ ಇಟ್ಟಂತೆ ಜಾರುತ್ತದೆ, ಅದೊಂದು ನೋಡಿಕೊಳ್ಳಬೇಕು. ಎಡಗೈಯಲ್ಲಿ ರೈಫಲ್ ಹಿಡಿಯಲೇಬಾರದು. ಅಂಗೈ ಬಿಚ್ಚಿ ಅದರ ಮೇಲೆ ಸುಮ್ನೆ ಮಲಗಿಸಬೇಕು, ಭುಜಕ್ಕೂ ಒತ್ತಬಾರದು. ಪೆಲೆಟ್ ಬ್ಯಾರಲ್ ಬಿಡುವ ಮುಂಚೆಯೇ ರೈಫಲ್ ಒದೆಯಲು ಶುರು ಮಾಡಿರುತ್ತದೆ. ಪ್ರತಿ ಸಲ ಒಂದೇ ಥರ ಒದೆಯಲು ಬಿಟ್ಟರೆ ಪೆಲೆಟ್ಟೂ ಒಂದೇ ಕಡೆ ಹೋಗುತ್ತದೆ. ಕಟ್ಟೆಯ ಮೇಲೆ ನೇರವಾಗಿ ಇಟ್ಟು ಹೊಡೆದಾಗ ಪೆಲೆಟ್ ಮೇಲಕ್ಕೆ ಹಾರುತ್ತಿತ್ತು. ಎರಡು ಸೇರು ರಾಗಿ ತುಂಬಿದ ಬಟ್ಟೆ ಚೀಲ ಹಾಕಿ, ಅದರ ಮೇಲೆ ಅಂಗೈ ಇಟ್ಟ ಮೇಲೆ ಸರಿಹೋಯಿತು. ಮರಳಿಗಿಂತ ರಾಗಿ ವಾಸಿ. ಹಗುರ, ಕೈಗೆ ಒಗ್ಗುತ್ತದೆ. ಅತ್ತೆಗೆ ಮಾತ್ರ ಇದು ಸೇರಲಿಲ್ಲ.

ಕೂತು, ಮಧ್ಯಮ ಎತ್ತರದ ಒಂದೇ ತುಂಡಿನ ಮೌಂಟಿನಲ್ಲಿ ಹೊಡೆದರೆ 18 ಮೀಟರ್‌ನಲ್ಲಿ ಐದೂ ತೂತು ಒಂದು ರೂಪಾಯಿ ನಾಣ್ಯದಡಿ ಮುಚ್ಚುತ್ತವೆ. ಒಳ್ಳೆಯ ದಿನದ ಮಾತು ಇದು. ಆದರೆ ಈ ಮೌಂಟಿನ ಎರಡು ರಿಂಗ್ ನಡುವಿನ ಅಂತರ ಬದಲಾಗುವುದಿಲ್ಲ. ಪಿನ್ ಕೂರುವ ತೂತೂ ಒಂದೇ. ಸ್ಕೋಪಿನ ನಡುವಿನ ಟರೆಟ್ ಗುಬುಟು (ಜೀರೋ ಸರಿ ಮಾಡುವ ತಿರುಗುಣಿ) ರಿಂಗಿಗೆ ತಾಗುವುದರಿಂದ ಹಿಂದೆ ಮುಂದೆ ಸರಿಯಲು ಸಿಗುವುದು ಒಂದೂವರೆ ಸೆಂಟಿಮೀಟರ್. ಹಾಗಾಗಿ ನಿಲ್ಲುವ ಗುರುತಿಗೂ ಕೂರುವ ಗುರುತಿಗೂ ನಡುವೆ, ಕೂರುವ ಕಡೆಗೆ ಸ್ವಲ್ಪ ವಾಲಿಸಿ ನಿಲ್ಲಿಸಿದೆ. ನಿಂತಾಗ ಜೂಮ್ 4ಕ್ಕೆ ಇಳಿಸುತ್ತೇನೆ. ಜೂಮ್ ಕಮ್ಮಿ ಇದ್ದಾಗ ಕಣ್ಣು ಚೂರು ಆಚೀಚೆ ಆದರೂ ಕಪ್ಪು ಬರುವುದಿಲ್ಲ. 9ರಲ್ಲಿಟ್ಟರೆ ನನ್ನ ನಡುಕವೇ ಒಂಬತ್ತು ಪಟ್ಟು ಕಂಡು, ಗಾಬರಿಯಾಗಿ ಟ್ರಿಗರ್ ಜಗ್ಗಿಬಿಡುತ್ತೇನೆ.

ಕ್ರಾಸ್‌ಹೇರ್ ನೆಟ್ಟಗೆ ಕೂರಿಸಲು ಗೋಡೆ ಕಟ್ಟುವವರು ಇಳಿಬಿಡುವ ತೂಕದ ಗುಂಡನ್ನು 18 ಮೀಟರ್ ಆಚೆ ಮರಕ್ಕೆ ನೇತುಹಾಕಿ, ದಾರಕ್ಕೆ ಗೆರೆ ಕೂಡಿಸಿದೆ. ಅದಕ್ಕಿಂತ ಸುಲಭದ ಉಪಾಯ ನನಗೆ ಸಿಕ್ಕಿಲ್ಲ.

ಈಗ ಒಂದೇ ತುಂಡಿನದು ರೈಫಲ್ ಮೇಲೇ ಇದೆ. ರಿಂಗ್ ಮತ್ತು ಕೊಳವೆ ಸೇರುವಲ್ಲಿ ಮಗಳ ನೇಲ್ ಪಾಲಿಶ್‌ನಿಂದ ಒಂದು ಗೆರೆ. ಪಿಕಟಿನ್ನಿ ಪಟ್ಟಿ ಡಬ್ಬಿ ಸೇರಿತು. ಗಿಡ್ಡ ರಿಂಗ್‌ಗಳನ್ನು ತಿಪಟೂರಿನಲ್ಲಿರುವ ಅಣ್ಣನ ಮಗ ಕೇಳಿ ತಗೊಂಡ. ಅವನದು ಗಾಳಿ ತುಂಬಿಟ್ಟು ಹೊಡೆಯುವ ಪಿಸಿಪಿ ರೈಫಲ್. ಸ್ಪ್ರಿಂಗ್-ಪಿಸ್ಟನ್ ಇಲ್ಲ, ಒದೆತವೂ ಇಲ್ಲದಷ್ಟೇ. ಮಡಚುವ ಗೋಜಿಲ್ಲದ್ದರಿಂದ ಆರಾಮಾಗಿ ಮಲಗಿ ಹೊಡೆಯುತ್ತಾನೆ. ಹೋದ ವಾರ ಫೋನ್ ಮಾಡಿದ್ದ. "ಅತ್ತೆ, ಎಷ್ಟು ಒಳ್ಳೆ ಮೌಂಟು ಇದು! ಒಂದು ಕೂದಲೆಳೆ ಅಲ್ಲಾಡಿಲ್ಲ. ಯಾಕೆ ಕೊಟ್ಬಿಟ್ರಿ?"