ಕೆಳಮನೆಗೆ ಡಿಸ್ಟೆಂಪರ್, ಮೇಲ್ಮನೆಗೆ ಎಮಲ್ಷನ್: ಆರು ವರ್ಷಗಳ ಹೋಲಿಕೆ

ನಾನು ಬಾಡಿಗೆಗೆ ಕೊಟ್ಟಿರುವುದು ಎರಡೇ ಮನೆ, ಒಂದರ ಮೇಲೊಂದು. ಅಳತೆ ಒಂದೇ, ಗೋಡೆಗಳ ವಯಸ್ಸೂ ಒಂದೇ. ಆರು ವರ್ಷಗಳ ಹಿಂದೆ ಎರಡೂ ಒಟ್ಟಿಗೆ ಖಾಲಿಯಾದವು. ಯಾವ ಬಣ್ಣ ಬಳಿಸಬೇಕೆಂದು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಹೇಳಿದರು. ಹೀಗಾಗಿ ಕೆಳಮನೆಗೆ ಡಿಸ್ಟೆಂಪರ್ (ಸೀಮೆಸುಣ್ಣದ ಪುಡಿಯ ಬಣ್ಣ), ಮೇಲ್ಮನೆಗೆ ಹೊಳಪಿನ ಎಮಲ್ಷನ್ (ಪ್ಲಾಸ್ಟಿಕ್ ಪದರದಂತೆ ಒಣಗುವ ಬಣ್ಣ) ಬಳಿಸಿದೆ.

ಡಿಸ್ಟೆಂಪರ್ ಅಗ್ಗ, ಕೆಲಸವೂ ಬೇಗ ಮುಗಿಯಿತು. ಮೊದಲ ವರ್ಷ ಎರಡು ಮನೆಗಳ ನಡುವೆ ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಸ್ವಿಚ್‌ಗಳ ಸುತ್ತ ಕೈಗುರುತು ಬಿತ್ತು, ಕುರ್ಚಿ ತಾಗುವ ಕಡೆ ಕಪ್ಪು ಪಟ್ಟೆ ಮೂಡಿತು. ಒರಗಿದವರ ಬಟ್ಟೆಗೆ ಬಿಳಿ ಪುಡಿ ಹತ್ತುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿದರೆ ಕೊಳೆಯ ಜೊತೆ ಬಣ್ಣವೂ ಬರುತ್ತಿತ್ತು. ಅಲ್ಲಿದ್ದ ಕುಟುಂಬದಲ್ಲಿ ಚಿಕ್ಕ ಮಗುವಿತ್ತು. ಗೋಡೆ ಕೊಳೆಯಾದರೆ ಮುಂಗಡದಲ್ಲಿ ಹಣ ಹಿಡಿಯುತ್ತೇನೆಂದು ಅವರು ಹೆದರಿಕೊಂಡೇ ಇದ್ದರೆಂಬುದು ಅವರು ಮನೆ ಬಿಡುವಾಗ ತಿಳಿಯಿತು. ತಪ್ಪು ನನ್ನ ಆಯ್ಕೆಯದು, ಭಯ ಅವರದು. ಅದು ನನಗೆ ಇಂದಿಗೂ ಬೇಸರದ ವಿಷಯ.

ನಿಜವಾದ ಖರ್ಚು ಎರಡನೆಯ ಸಲ ಬಂತು. ಪುಡಿಯಾಗುವ ಡಿಸ್ಟೆಂಪರ್ ಮೇಲೆ ಎಮಲ್ಷನ್ ನಿಲ್ಲುವುದಿಲ್ಲ, ಸಿಪ್ಪೆಯಂತೆ ಏಳುತ್ತದೆ. ಎಲ್ಲವನ್ನೂ ಕೆರೆದು, ಪುಟ್ಟಿ (ಗೋಡೆ ನಯಗೊಳಿಸುವ ಲೇಪ) ತುಂಬಿ, ಪ್ರೈಮರ್ (ತಳಬಣ್ಣ) ಹಚ್ಚಬೇಕಾಯಿತು. ಮೊದಲು ಉಳಿಸಿದ ಹಣ ಕೆರೆಯುವ ಕೂಲಿಗೇ ಹೋಯಿತು.

ಮೇಲ್ಮನೆಯ ಹೊಳಪಿನ ಎಮಲ್ಷನ್ ನಾಲ್ಕು ವರ್ಷ ಒರೆಸಿಸಿಕೊಂಡು ಬಾಳಿತು. ಇದೇ ಗೆದ್ದಿತು ಎಂದುಕೊಂಡಿದ್ದೆ. ಆದರೆ ಬಾಡಿಗೆದಾರರು ಬದಲಾದಾಗ ಹನ್ನೊಂದು ಮೊಳೆ ತೂತುಗಳು ಸಿಕ್ಕವು. ಅವನ್ನು ಮುಚ್ಚಿ, ಅದೇ ಡಬ್ಬಿಯ ಬಣ್ಣವನ್ನೇ ತೇಪೆಯಾಗಿ ಹಚ್ಚಿದೆ. ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ಹನ್ನೊಂದೂ ಎದ್ದು ಕಂಡವು. ಹೊಳಪು ಹೆಚ್ಚಿದಷ್ಟೂ ತೇಪೆಯೂ ಗೋಡೆಯ ಏರುತಗ್ಗುಗಳೂ ಹೆಚ್ಚು ಕಾಣುತ್ತವೆ. ಕೊನೆಗೆ ಮೂಲೆಯಿಂದ ಮೂಲೆಗೆ ಇಡೀ ಗೋಡೆಯನ್ನೇ ಬಳಿಸಿದೆ.

ಆದ್ದರಿಂದ ಈಗ ಮೂರನೆಯ ದಾರಿ ಹಿಡಿದಿದ್ದೇನೆ: ಕೋಣೆಗಳಿಗೆ ಹೊಳಪಿಲ್ಲದ, ತೊಳೆಯಬಹುದಾದ ಎಮಲ್ಷನ್, ಅಡುಗೆಮನೆಗೆ ಮಾತ್ರ ಹೊಳಪಿನದು. ಎರಡೂ ಮನೆಗಳಿಗೆ ಒಂದೇ ಬಣ್ಣ, ಉಳಿದ ಡಬ್ಬಿಯ ಮೇಲೆ ಬಣ್ಣದ ಸಂಖ್ಯೆ ಮತ್ತು ಬಳಿದ ತಿಂಗಳು. ಹೆಚ್ಚು ಕಾಲ ಬಾಳುವುದಕ್ಕಿಂತ ಸುಲಭವಾಗಿ ತೇಪೆ ಹಾಕಬಹುದಾದ ವಸ್ತುವೇ ಬಾಡಿಗೆ ಮನೆಗೆ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತೇವದ ಗೋಡೆಗೆ ಈ ಯಾವ ಮಾತೂ ಅನ್ವಯಿಸುವುದಿಲ್ಲ. ಮೇಲ್ಮನೆಯ ಸ್ನಾನದ ಮನೆಯ ಪಕ್ಕದ ಗೋಡೆಯಲ್ಲಿ ಹೊಳಪಿನ ಬಣ್ಣ ಗುಳ್ಳೆ ಎದ್ದಿತು, ಕೆಳಗೆ ಬಿಳಿ ಉಪ್ಪು ಹೊಮ್ಮಿತು. ಎರಡು ಸಲ ಬಣ್ಣ ಹಚ್ಚಿ ಹಣ ಕಳೆದುಕೊಂಡ ಮೇಲೆ ಒಂದು ಪರೀಕ್ಷೆ ಮಾಡಿದೆ. ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಒಂದು ದಿನ ಬಿಡಬೇಕು. ಹನಿಗಳು ಹಾಳೆಯ ಒಳಮೈಯಲ್ಲಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿದ್ದರೆ ಕೋಣೆಯ ಗಾಳಿಯ ತೇವ, ಅದಕ್ಕೆ ಕಿಟಕಿ ತೆರೆಯುವುದೇ ಮದ್ದು. ನಮ್ಮಲ್ಲಿ ಒಳಮೈ ಒದ್ದೆಯಾಗಿತ್ತು. ಗೋಡೆಯೊಳಗಿನ ಪೈಪಿನ ಜೋಡಣೆ ಸೋರುತ್ತಿತ್ತು. ಅದನ್ನು ಸರಿಪಡಿಸಿ, ಗೋಡೆ ಪೂರ್ತಿ ಒಣಗುವವರೆಗೆ ಕಾದೆ. ಹಳೆಯ ಮನೆ ಕೊಳ್ಳಲು ಹೋದಾಗಲೂ ಈಗ ನನ್ನ ಕಣ್ಣು ಮೊದಲು ಹೊಸದಾಗಿ ಬಣ್ಣ ಬಳಿದ ಒಂಟಿ ಗೋಡೆಯತ್ತಲೇ ಹೋಗುತ್ತದೆ.

ನಲ್ಲಿಗಳನ್ನೂ ಹೀಗೆಯೇ ಹೋಲಿಸಿ ನೋಡಿದೆ. ರಬ್ಬರ್ ವಾಷರ್ ಇರುವ ಹಳೆಯ ಬಗೆಯ ನಲ್ಲಿ ಸೋರುವುದು ಬೇಗ, ರಿಪೇರಿಯೂ ಸುಲಭ. ವಾಷರ್ ಎಲ್ಲೆಡೆ ಸಿಗುತ್ತದೆ, ಹತ್ತು ನಿಮಿಷದ ಕೆಲಸ. ಆದರೆ ತೊಟ್ಟಿಕ್ಕತೊಡಗಿದಾಗ ಬಾಡಿಗೆದಾರರು ಬಿಗಿಯಾಗಿ ತಿರುಗಿಸುತ್ತಾರೆ, ವಾಷರ್ ಇನ್ನೂ ಬೇಗ ಸವೆಯುತ್ತದೆ. ಸೆರಾಮಿಕ್ ಬಿಲ್ಲೆಗಳ ನಲ್ಲಿ ಕಾಲು ಸುತ್ತಿಗೆ ತೆರೆದು ಮುಚ್ಚುತ್ತದೆ, ಯಾರೂ ಬಲ ಹಾಕುವುದಿಲ್ಲ. ಮೇಲ್ಮನೆಯಲ್ಲಿ ಆರು ವರ್ಷಗಳಲ್ಲಿ ಒಂದೇ ನಲ್ಲಿ ಕೆಟ್ಟಿತು, ನೀರಿನಲ್ಲಿ ಬಂದ ಮರಳು ಬಿಲ್ಲೆಯನ್ನು ಗೀರಿದ್ದರಿಂದ. ಅದರ ಒಳಭಾಗ ತಯಾರಕರಿಂದ ತಯಾರಕರಿಗೆ ಬೇರೆ, ಹೊಂದುವುದನ್ನು ಹುಡುಕಲು ಒಂದು ವಾರ ಹಿಡಿಯಿತು. ಸೆಕೆಂಡಿಗೆ ಒಂದು ಹನಿಯೆಂದರೂ ವರ್ಷಕ್ಕೆ ಸುಮಾರು 10,000 ಲೀಟರ್ ನೀರು ಹೋಗುತ್ತದೆ, ಒಂದು ವಾರವೂ ಸಣ್ಣದಲ್ಲ. ಆದರೂ ನಾನು ಸೆರಾಮಿಕ್ ಕಡೆಗೇ. ಎರಡೂ ಮನೆಗಳಿಗೆ ಒಂದೇ ಮಾದರಿಯ ನಲ್ಲಿ ಹಾಕಿಸಿ, ಒಳಭಾಗಗಳ ಎರಡು ಜೊತೆಯನ್ನು ಮೊದಲೇ ಕೊಂಡಿಟ್ಟಿದ್ದೇನೆ.

ಬಣ್ಣದ ಡಬ್ಬಿ ಇರುವ ಕಪಾಟಿನಲ್ಲಿಯೇ ಅವೂ ಇವೆ, ಪಕ್ಕದಲ್ಲಿ ನೆಲದ ಟೈಲ್ಸ್‌ನ ಒಂದು ಪೆಟ್ಟಿಗೆ. ಟೈಲ್ಸ್‌ನ ಬಣ್ಣ ಒಂದು ಕಂತಿನಿಂದ ಇನ್ನೊಂದಕ್ಕೆ ಸ್ವಲ್ಪ ಬೇರೆಯಾಗುತ್ತದೆ, ಆಮೇಲೆ ಹುಡುಕಿದರೆ ಹೊಂದುವುದು ಸಿಗುವುದಿಲ್ಲ. ಇಲ್ಲಿಯವರೆಗೆ ಅದರಿಂದ ಮೂರು ತೆಗೆದಿದ್ದೇನೆ.