ಪಿನ್ನರ್ ಮತ್ತು ಬೋರ್ನ್‌ವಿಲ್: ಎರಡು ಉಪನಗರಗಳಲ್ಲಿ ಬಾಳಿ ನೋಡಿದ ಮೇಲೆ

ಇಂಗ್ಲೆಂಡಿಗೆ ಬಂದ ಮೊದಲ ಮೂರು ವರ್ಷ ನಾವು ಲಂಡನ್ನಿನ ವಾಯವ್ಯ ಅಂಚಿನಲ್ಲಿರುವ ಪಿನ್ನರ್‌ನಲ್ಲಿದ್ದೆವು. ನನ್ನ ಪತಿಗೆ ಬರ್ಮಿಂಗ್‌ಹ್ಯಾಮ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದ್ದರಿಂದ ಈಗ ಎರಡು ವರ್ಷಗಳಿಂದ ಆ ನಗರದ ದಕ್ಷಿಣಕ್ಕಿರುವ ಬೋರ್ನ್‌ವಿಲ್‌ನಲ್ಲಿದ್ದೇವೆ. ಗದ್ದಲವಿಲ್ಲದ, ಸಂಸಾರಸ್ಥರಿಗೆ ಹೇಳಿ ಮಾಡಿಸಿದ ಜಾಗಗಳೆಂದು ಎರಡಕ್ಕೂ ಹೆಸರಿದೆ. ಇಲ್ಲಿಗೆ ಬರಲಿರುವ ಪರಿಚಯದವರು ಯಾವುದು ಒಳ್ಳೆಯದೆಂದು ಆಗಾಗ ಕೇಳುತ್ತಾರೆ. ಬಾಡಿಗೆ, ಶಾಲೆ, ರೈಲು ಇವುಗಳ ಲೆಕ್ಕ ಯಾರಾದರೂ ಹೇಳಿಯಾರು. ಆ ಎರಡು ಊರುಗಳ ಮೌನದಲ್ಲಿರುವ ವ್ಯತ್ಯಾಸವನ್ನು ಮಾತ್ರ ಅಲ್ಲಿ ದಿನ ಕಳೆದವರೇ ಹೇಳಬೇಕು.

ಪಿನ್ನರ್ ಮೊದಲು ಹಳ್ಳಿಯಾಗಿತ್ತು. 1885ರಲ್ಲಿ ಮೆಟ್ರೊಪಾಲಿಟನ್ ರೈಲು ಅಲ್ಲಿಗೆ ಬಂದಿತು. ತನ್ನ ಬಳಿ ಉಳಿದ ಜಮೀನಿನಲ್ಲಿ ಮನೆಗಳನ್ನು ಕಟ್ಟಿಸುವ ಅಪರೂಪದ ಅಧಿಕಾರ ಆ ರೈಲು ಕಂಪನಿಗಿತ್ತು. ಲಂಡನ್ನಿನ ಹೊಗೆಯಿಂದ ದೂರ ಹಸಿರಿನ ನಡುವೆ ಬಾಳಬಹುದೆಂದು 1915ರಿಂದ 'ಮೆಟ್ರೊಲ್ಯಾಂಡ್' ಎಂಬ ಹೆಸರಿನಲ್ಲಿ ಪುಸ್ತಿಕೆಗಳನ್ನು ಹೊರಡಿಸಿ ಅದು ಜನರನ್ನು ಕರೆಯಿತು. ನಾವಿದ್ದ ರಸ್ತೆಯೂ 1930ರ ದಶಕದ್ದೇ: ಒಂದೇ ನಡುಗೋಡೆ ಹಂಚಿಕೊಂಡ ಜೋಡಿಮನೆಗಳು, ಮುಂದೆ ಬಾಗಿದ ಕಿಟಕಿ, ಹಿಂದೆ ಉದ್ದನೆಯ ಹಿತ್ತಿಲು. ಲಂಡನ್ನಿನ ನಡುವಿನ ಬೇಕರ್ ಸ್ಟ್ರೀಟ್‌ಗೆ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ರೈಲಿಗಾಗಿ ಹುಟ್ಟಿದ ಊರು ಇಂದಿಗೂ ರೈಲಿನ ವೇಳೆಯಂತೆಯೇ ನಡೆಯುತ್ತದೆ. ಬೆಳಿಗ್ಗೆ ಎಂಟರ ಹೊತ್ತಿಗೆ ದುಡಿಯುವವರೆಲ್ಲ ನಿಲ್ದಾಣದ ಕಡೆ ಹೋಗಿಬಿಟ್ಟರೆ ಸಂಜೆ ಆರರವರೆಗೆ ನಮ್ಮ ರಸ್ತೆಯಲ್ಲಿ ಅಂಚೆಯವನನ್ನು ಬಿಟ್ಟರೆ ಮನುಷ್ಯರ ಮುಖ ಕಾಣುವುದೇ ಅಪರೂಪವಾಗಿತ್ತು.

ಇದು ನನಗೆ ಅರಿವಾದದ್ದು ಸಾಗರದಿಂದ ಅತ್ತೆಯವರು ಆರು ತಿಂಗಳ ವೀಸಾದ ಮೇಲೆ ಬಂದಾಗ. ಅವರು ಹುಟ್ಟಿ ಬೆಳೆದದ್ದು ಮಲೆನಾಡಿನ ಒಂಟಿಮನೆಯಲ್ಲಿ. ನೆರೆಮನೆ ಕಣ್ಣಿಗೆ ಕಾಣದಷ್ಟು ದೂರವಿದ್ದರೂ ಅವರಿಗೆ ಒಂಟಿತನವೆಂದರೆ ಏನೆಂದು ಗೊತ್ತಿರಲಿಲ್ಲ. ಪಿನ್ನರ್‌ಗೆ ಬಂದ ನಾಲ್ಕನೆಯ ದಿನ, ಕಿಟಕಿಯ ಬಳಿ ಕುಳಿತವರು, "ಮನೆಯೇನೋ ಚೆನ್ನಾಗಿದೆ ಕಣೇ, ಬೀದಿ ಮಾತ್ರ ಬಿಕೋ ಅನ್ನುತ್ತೆ" ಎಂದರು. ಅವರ ಮನೆಯ ಸುತ್ತ ಜೀರುಂಡೆ, ಅಡಿಕೆ ಸುಲಿಯುವವರ ಮಾತು, ಕೊಟ್ಟಿಗೆಯ ಸದ್ದು ಎಲ್ಲವೂ ಸೇರಿಯೇ ಶಾಂತಿಯೆನಿಸಿಕೊಳ್ಳುತ್ತಿತ್ತು. ಇಲ್ಲಿ ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗಿ, ಎದುರು ಸಾಲಿನ ಮನೆಗಳ ಪರದೆಗಳು ಒಂದೊಂದಾಗಿ ಮುಚ್ಚಿಕೊಳ್ಳುವಾಗ ಅವರ ಮುಖ ಬಾಡುವುದನ್ನು ನಾನು ನೋಡಿದ್ದೇನೆ.

ಆ ಚಳಿಗಾಲದಲ್ಲೇ ಒಂದು ದಿನ, ಕಸದ ಬಿನ್ನನ್ನು ಗೇಟಿನ ಬಳಿ ಇಟ್ಟು ಬರಲೆಂದು ಹೊರಗೆ ಹೋದ ಅತ್ತೆಯವರ ಹಿಂದೆ ಬಾಗಿಲು ತಾನಾಗಿ ಮುಚ್ಚಿ ಬೀಗ ಬಿದ್ದುಕೊಂಡಿತು. ಫೋನು ಒಳಗಿತ್ತು. ತೆಳುವಾದ ಸ್ವೆಟರಿನಲ್ಲಿ ಮುಕ್ಕಾಲು ಗಂಟೆ ಹೊಸ್ತಿಲ ಮೇಲೆ ನಿಂತಿದ್ದರು. ನಾನು ಬಂದು ಕೈ ಹಿಡಿದಾಗ ಬೆರಳುಗಳು ಸೆಟೆದುಕೊಂಡಿದ್ದವು. ಅಂದು ಸಂಜೆ ಎದುರುಮನೆಯ ವೃದ್ಧೆ ಬಂದು ಕ್ಷಮೆ ಕೇಳಿದರು. ಅತ್ತೆಯವರು ಹೊರಗೆ ನಿಂತದ್ದನ್ನು ಅವರು ಕಿಟಕಿಯಿಂದ ನೋಡಿದ್ದರಂತೆ. ಯಾರಿಗೋ ಕಾಯುತ್ತಿರಬಹುದು, ತಾನು ಹೋಗಿ ವಿಚಾರಿಸಿದರೆ ಮುಜುಗರವಾದೀತೆಂದು ಸುಮ್ಮನಿದ್ದರಂತೆ. ಅದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು. ನಮ್ಮ ಕಡೆ ವಿಚಾರಿಸದಿರುವುದು ಕಠೋರತನ; ಆ ರಸ್ತೆಯಲ್ಲಿ ಅದು ಮರ್ಯಾದೆ. ಅಂದಿನಿಂದ ನಮ್ಮ ಮನೆಯ ಇನ್ನೊಂದು ಬೀಗದ ಕೈ ಅವರ ಬಳಿಯೇ ಇರುತ್ತಿತ್ತು, ಅತ್ತೆಯವರು ಒಬ್ಬರೇ ಇದ್ದ ದಿನಗಳಲ್ಲಿ ಅವರು ಹನ್ನೊಂದು ಗಂಟೆಗೆ ತಪ್ಪದೆ ಬಂದು ಬಾಗಿಲು ತಟ್ಟುತ್ತಿದ್ದರು. ಪಿನ್ನರ್‌ನಲ್ಲಿ ಮನುಷ್ಯರ ಅಂತಃಕರಣಕ್ಕೇನೂ ಕೊರತೆಯಿಲ್ಲ. ಅದು ಹೊರಬರಲು ಒಂದು ನೆಪ ಬೇಕು, ಆ ನೆಪ ಒದಗಿಬರುವುದಕ್ಕೆ ನಮಗೆ ಎರಡು ವರ್ಷ ಹಿಡಿಯಿತು.

ಬೋರ್ನ್‌ವಿಲ್‌ನಲ್ಲಿ ಆ ನೆಪವನ್ನು ಊರು ಕಟ್ಟುವಾಗಲೇ ಒದಗಿಸಿಟ್ಟಿದ್ದಾರೆಂದು ನನಗೆ ಅನಿಸುತ್ತದೆ. ಕ್ಯಾಡ್ಬರಿ ಸಹೋದರರು 1879ರಲ್ಲಿ ತಮ್ಮ ಕಾರ್ಖಾನೆಯನ್ನು ನಗರದ ಇಕ್ಕಟ್ಟಿನಿಂದ ಇಲ್ಲಿಗೆ ತಂದರು. ಜಾರ್ಜ್ ಕ್ಯಾಡ್ಬರಿಯವರು ಸುತ್ತಲಿನ ಜಮೀನನ್ನು ಕೊಂಡು 1895ರಿಂದ ಮನೆಗಳನ್ನು ಕಟ್ಟಿಸತೊಡಗಿದರು; ಕಾರ್ಖಾನೆಯ ಕೆಲಸಗಾರರಲ್ಲದವರಿಗೂ ಅವು ಸಿಗುತ್ತಿದ್ದವು. 1900ರಲ್ಲಿ ಅದೆಲ್ಲವನ್ನೂ ಒಂದು ಟ್ರಸ್ಟಿಗೆ ಒಪ್ಪಿಸಿದರು. ಮನೆಯು ನಿವೇಶನದ ಕಾಲು ಭಾಗಕ್ಕಿಂತ ಹೆಚ್ಚು ಜಾಗವನ್ನು ತೆಗೆದುಕೊಳ್ಳಬಾರದು, ಪ್ರತಿ ಮನೆಗೂ ತರಕಾರಿ ಬೆಳೆಯುವಷ್ಟು ಹಿತ್ತಿಲು ಮತ್ತು ಹಣ್ಣಿನ ಮರಗಳಿರಬೇಕು ಎಂಬುದು ಅವರ ಯೋಜನೆಯಾಗಿತ್ತು. ಮದ್ಯವನ್ನು ದೂರವಿಡುವ ಕ್ವೇಕರ್ ಎಂಬ ಕ್ರೈಸ್ತ ಪಂಥದವರಾದ್ದರಿಂದ ಪಬ್ಬಿಗೆ ಜಾಗ ಕೊಡಲಿಲ್ಲ. ನಾವು ಚಿಕ್ಕಂದಿನಲ್ಲಿ ಹಾಲಿಗೆ ಬೆರೆಸಿ ಕುಡಿದ ಬೋರ್ನ್‌ವಿಟಾಕ್ಕೆ ಹೆಸರು ಬಂದದ್ದು ಈ ಊರಿನಿಂದಲೇ ಎಂದು ತಿಳಿಸಿದಾಗ ಅತ್ತೆಯವರು ಸಾಗರದಲ್ಲಿರುವ ತಮ್ಮ ತಂಗಿಗೆ ಅಂದೇ ಫೋನು ಮಾಡಿದರು.

ಇಲ್ಲಿನ ಬೇಲಿಗಳು ಸೊಂಟದೆತ್ತರದ ಹಸಿರು ಗಿಡಗಳವು, ಆಚೆ ನಿಂತವರ ಮುಖ ಕಾಣುತ್ತದೆ. ಪಿನ್ನರ್‌ನಲ್ಲಿ ಅನೇಕರು ಮುಂದಿನ ಕೈತೋಟವನ್ನು ಕಿತ್ತು, ಕಲ್ಲು ಹಾಸಿ, ಕಾರು ನಿಲ್ಲಿಸಿಕೊಂಡಿದ್ದರು. ಗಿಡಕ್ಕೆ ನೀರು ಹಾಕುವ ಕೆಲಸವೇ ಇಲ್ಲವಾದ ಮೇಲೆ ಮನೆಯ ಮುಂದೆ ನಿಲ್ಲುವ ಕಾರಣವೂ ಇಲ್ಲವಾಗುತ್ತದೆ. ಬೋರ್ನ್‌ವಿಲ್‌ನಲ್ಲಿ ಮನೆಯ ಹೊರರೂಪವನ್ನು ಬದಲಿಸಬೇಕಾದರೆ ಟ್ರಸ್ಟಿನ ಒಪ್ಪಿಗೆ ಬೇಕು. ಸ್ವಂತ ಮನೆಗೂ ಕಟ್ಟುಪಾಡೇ ಎಂದು ಕೆಲವರಿಗೆ ಇದು ಹಿಡಿಸಲಾರದು. ನೂರು ವರ್ಷ ದಾಟಿದ ಬೇಲಿ ಇನ್ನೂ ಬೇಲಿಯಾಗಿಯೇ ಉಳಿದಿರುವುದನ್ನು ದಿನವೂ ನೋಡುವ ನಾನು ಆ ಕಟ್ಟುಪಾಡಿನ ಪರವಾಗಿದ್ದೇನೆ.

ಕಳೆದ ವರ್ಷ ಅತ್ತೆಯವರು ಮತ್ತೆ ಬಂದಾಗ, ಪಕ್ಕದ ಮನೆಯ ನಿವೃತ್ತ ಮಾಸ್ತರರು ಬೇಲಿಯ ಮೇಲಿನಿಂದ ಒಂದು ಚೀಲ ಉದ್ದನೆಯ ಬೀನ್ಸ್ ಕೊಟ್ಟರು. ಅತ್ತೆಯವರಿಗೆ ಇಂಗ್ಲಿಷ್ ಬರುವುದು ಅಷ್ಟಕ್ಕಷ್ಟೆ. ನಾರು ತೆಗೆದು, ಸಣ್ಣಗೆ ಹೆಚ್ಚಿ, ಕಾಯಿತುರಿ ಹಾಕಿ ಪಲ್ಯ ಮಾಡಿ ಡಬ್ಬಿಯಲ್ಲಿ ಕೊಟ್ಟು ಬಂದರು. ಕೊಟ್ಟ ಪಾತ್ರೆಯನ್ನು ಖಾಲಿ ಮರಳಿಸಬಾರದೆಂಬುದು ನಮ್ಮಲ್ಲಿನ ಪದ್ಧತಿ, ಅದು ಆ ಮಾಸ್ತರರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಆದರೂ ಎರಡು ದಿನದ ಬಳಿಕ ಡಬ್ಬಿ ಮರಳಿದಾಗ ಅದರ ತುಂಬ ಅವರ ಹಿತ್ತಿಲಿನ ಬ್ರಾಮ್ಲಿ ಸೇಬುಗಳಿದ್ದವು. ಬ್ರಾಮ್ಲಿ ಹಾಗೆಯೇ ತಿನ್ನುವ ಸೇಬಲ್ಲ, ಬೇಯಿಸುವುದಕ್ಕೆಂದೇ ಇರುವ ಹುಳಿ ಸೇಬು. ಅತ್ತೆಯವರು ಒಂದು ಹೋಳು ಬಾಯಿಗೆ ಹಾಕಿಕೊಂಡು, ಕಣ್ಣು ಕಿರಿದು ಮಾಡಿ, "ಇದು ಮಾವಿನಕಾಯಿಯೇ" ಎಂದವರು ಅದರಿಂದ ಚಿತ್ರಾನ್ನ, ಗೊಜ್ಜು, ಕೊನೆಗೆ ಇಂಗು ಒಗ್ಗರಣೆಯ ಉಪ್ಪಿನಕಾಯಿಯನ್ನೂ ಮಾಡಿದರು. ಆ ಡಬ್ಬಿ ಸೆಪ್ಟೆಂಬರ್ ಪೂರ್ತಿ ಬೇಲಿಯ ಆಚೆ ಈಚೆ ಓಡಾಡಿತು.

ಸದ್ದಿನ ಮಾತಿಗೆ ಬಂದರೆ, ಬೋರ್ನ್‌ವಿಲ್ ಪೂರ್ತಿ ನಿಶ್ಶಬ್ದವೇನೂ ಅಲ್ಲ. ಶಾಲೆಯ ಗೋಪುರದ ಮೇಲೆ 1906ರಲ್ಲಿ ಮೊದಲಿಗೆ ಅಳವಡಿಸಿದ, ಈಗ 48 ಲೋಹದ ಗಂಟೆಗಳಿರುವ ಕ್ಯಾರಿಲಾನ್ ಎಂಬ ವಾದ್ಯವಿದೆ. ಶನಿವಾರ ಅದನ್ನು ನುಡಿಸಿದಾಗ ಮೈದಾನದಲ್ಲಿ ಕುಳಿತವರು ಮಾತು ನಿಲ್ಲಿಸಿ ಕೇಳುತ್ತಾರೆ. ಗಾಳಿ ಬೀಸಿದ ಕಡೆ ಕೊಕೊ ವಾಸನೆ ಬರುವ ದಿನಗಳೂ ಉಂಟು.

ಪಿನ್ನರ್‌ನದೇ ಮೇಲುಗೈಯಾಗಿರುವ ಸಂಗತಿಗಳನ್ನೂ ಹೇಳಬೇಕು. ಅಲ್ಲಿನ ಹೈ ಸ್ಟ್ರೀಟ್ ಹಳೆಯ ಮರದ ಚೌಕಟ್ಟಿನ ಮನೆಗಳ ನಡುವೆ ಏರುತ್ತ ಚರ್ಚಿನ ಬುಡಕ್ಕೆ ಹೋಗಿ ನಿಲ್ಲುವ ಬಗೆ ನನಗೆ ಇಂದಿಗೂ ಕನಸಿನಲ್ಲಿ ಬರುತ್ತದೆ. 1336ರಲ್ಲಿ ದೊರೆ ಮೂರನೆಯ ಎಡ್ವರ್ಡ್ ಅನುಮತಿ ಕೊಟ್ಟ ಜಾತ್ರೆ ಈಗಲೂ ಮೇ ಕೊನೆಯ ಬ್ಯಾಂಕ್ ರಜೆಯ (ಇಲ್ಲಿನ ಸಾರ್ವಜನಿಕ ರಜೆ) ನಂತರದ ಬುಧವಾರ ಅದೇ ಬೀದಿಯಲ್ಲಿ ಸೇರುತ್ತದೆ. ಪಿನ್ನರ್ ಸೇರಿದ ಹ್ಯಾರೋ ಪ್ರದೇಶದ ಸುತ್ತಮುತ್ತ ಗುಜರಾತಿಗಳ ಅಂಗಡಿಗಳು ಹೆಚ್ಚಾದ್ದರಿಂದ ಕರಿಬೇವು, ತೊಗರಿಬೇಳೆ, ಹಸಿ ತೆಂಗಿನಕಾಯಿ ನಡೆದುಹೋಗಿ ತರಬಹುದಿತ್ತು. ಬೋರ್ನ್‌ವಿಲ್‌ನಿಂದ ಅದಕ್ಕೆ ಕಾರು ತೆಗೆಯಬೇಕು. ದೇವಸ್ಥಾನದ ವಿಷಯದಲ್ಲಿ ಮಾತ್ರ ನಮಗೆ ಇಲ್ಲಿ ಅನುಕೂಲವಾಯಿತು, ಬರ್ಮಿಂಗ್‌ಹ್ಯಾಮ್ ಬಳಿಯ ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಹಬ್ಬದ ದಿನ ಹೋದರೆ ಕನ್ನಡ ಕಿವಿಗೆ ಬೀಳುತ್ತದೆ. ಪಿನ್ನರ್‌ನಲ್ಲಿ ಎರಡು ಕೋಣೆಗೆ ಕೊಡುತ್ತಿದ್ದ ಬಾಡಿಗೆಗಿಂತ ಕಡಿಮೆಗೆ ಇಲ್ಲಿ ಮೂರು ಕೋಣೆಯ ಮನೆ ಸಿಕ್ಕಿದೆ.

ದಂಪತಿಗಳಿಬ್ಬರೂ ಲಂಡನ್ನಿನಲ್ಲಿ ದುಡಿಯುವವರಾಗಿದ್ದು, ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲವಾದರೆ ಪಿನ್ನರ್ ಆರಿಸಿಕೊಳ್ಳಿ ಎನ್ನುತ್ತೇನೆ. ಊರಿನಿಂದ ಹಿರಿಯರು ಬಂದುಹೋಗುವವರಿದ್ದರೆ, ಇಲ್ಲವೇ ನನ್ನಂತೆ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುವವರಾದರೆ, ಎರಡನೆಯ ಯೋಚನೆಯಿಲ್ಲದೆ ಬೋರ್ನ್‌ವಿಲ್. ನಾವು ಇಲ್ಲಿನ ಕರಾರನ್ನು ಇನ್ನೆರಡು ವರ್ಷಕ್ಕೆ ಮುಂದುವರಿಸಿದ್ದೇವೆ. ಅತ್ತೆಯವರು ಬೀನ್ಸ್ ಬಿತ್ತುವ ಹೊತ್ತಿಗೆ, ಮೇ ತಿಂಗಳಲ್ಲಿ ಬರುತ್ತಾರೆ. ಜಾತ್ರೆಯ ಬುಧವಾರಕ್ಕೆ ನಾವಿಬ್ಬರೂ ರಜೆ ಹಾಕಿದ್ದೇವೆ. ನಮ್ಮ ಬೀಗದ ಕೈ ಇಟ್ಟುಕೊಂಡಿದ್ದ ಆ ಅಜ್ಜಿ ಅಂದು ಚಹಾಕ್ಕೆ ಬರಲೇಬೇಕೆಂದು ಕಾಗದ ಬರೆದಿದ್ದಾರೆ, ಅತ್ತೆಯವರನ್ನು ಕರೆತರಲು ಮರೆಯಬಾರದೆಂದು ಕೊನೆಯ ಸಾಲಿಗೆ ಅಡಿಗೆರೆಯನ್ನೂ ಎಳೆದಿದ್ದಾರೆ.