ಕಾಂಡ ಮುಟ್ಟದೆಯೂ ಮರ ಸಾಯುತ್ತದೆ: ಪಕ್ಕದಲ್ಲಿ ಮನೆ ಕಟ್ಟುವಾಗ ಎಚ್ಚರ

ನಿಮ್ಮ ಹಿತ್ತಲಲ್ಲಿ ಹಳೆಯ ಮರವೊಂದಿದ್ದು, ಪಕ್ಕದ ಖಾಲಿ ನಿವೇಶನದಲ್ಲಿ ಪಾಯಕ್ಕೆ ಸುಣ್ಣದ ಪುಡಿಯ ಗೆರೆ ಬಿದ್ದಿದ್ದರೆ, ಜೆಸಿಬಿ ಬರುವ ಮುಂಚೆ ಇದನ್ನು ಓದಿ. ಅದು ಬಂದ ಮೇಲೆ ಓದಿದರೆ ಅರ್ಧ ಉಪಯೋಗ. ಪಾಯ ಮುಗಿದ ಮೇಲೆ ಓದಿದರೆ ಮುಂದೇನಾಗಬಹುದು ಎಂದು ತಿಳಿಯುತ್ತದೆ, ಅಷ್ಟೇ.

ಚಿಕ್ಕಮಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ನನ್ನ ತವರು ಮನೆ. ಹಿತ್ತಲಿನ ಹಲಸಿನ ಮರ ಅಜ್ಜ ನೆಟ್ಟಿದ್ದು. ಬಕ್ಕೆ ಹಲಸು, ಗಟ್ಟಿ ತೊಳೆ. ಎದೆಯ ಮಟ್ಟದಲ್ಲಿ ಕಾಂಡದ ಸುತ್ತಳತೆ 190 ಸೆಂಟಿಮೀಟರ್ ಇತ್ತು. ಬೇಸಗೆಯಲ್ಲಿ ಅಡುಗೆಮನೆ ತಂಪಾಗಿರುತ್ತಿದ್ದುದು ಆ ಮರದಿಂದ. ಎಳೆ ಗುಜ್ಜೆಯ ಪಲ್ಯ, ಹಪ್ಪಳ, ಮಳೆಗಾಲಕ್ಕೆ ಕೆಂಡದಲ್ಲಿ ಸುಟ್ಟ ಬೀಜ, ಎಲ್ಲವೂ ಅದರದ್ದೇ. ಬೀದಿಯಲ್ಲಿ ಆ ಮರದ ಹಣ್ಣು ತಿನ್ನದ ಮನೆಯಿರಲಿಲ್ಲ. ಈಗ ಆ ಮರ ಇಲ್ಲ. ಅದು ಹಸಿರಾಗಿದ್ದಾಗ ಯಾರೂ ಅದಕ್ಕೆ ಕೊಡಲಿ ಹಾಕಲಿಲ್ಲ. ಪಕ್ಕದಲ್ಲಿ ಮನೆ ಕಟ್ಟಿದರು, ಮೂರನೆಯ ವರ್ಷಕ್ಕೆ ಮರ ಸತ್ತಿತು.

ನಿವೇಶನದ ಮಾಲೀಕರ ಮೇಲೆ ನನಗೆ ದ್ವೇಷವಿಲ್ಲ. ಅವರಿಗೆ ದೂರದ ಊರಿನಲ್ಲಿ ಉದ್ಯೋಗ. ಕಟ್ಟಡದ ಹೊಣೆಯನ್ನೆಲ್ಲ ಗುತ್ತಿಗೆದಾರರೊಬ್ಬರಿಗೆ ಒಪ್ಪಿಸಿ ಹೋಗಿದ್ದರು. ಕೆಲಸ ಶುರುವಾಗುವ ಮೊದಲೇ ಅಮ್ಮ ಆ ಗುತ್ತಿಗೆದಾರರನ್ನು ಕರೆದು ಮರದ ವಿಷಯ ಹೇಳಿದ್ದರು. "ಅಮ್ಮಾ, ನಾವು ಮರ ಮುಟ್ಟುವುದೇ ಇಲ್ಲವಲ್ಲ. ಅದಕ್ಕೇನೂ ಆಗುವುದಿಲ್ಲ, ನೀವು ಯೋಚನೆ ಮಾಡಬೇಡಿ" ಎಂದು ಅವರು ಮಾತು ಕೊಟ್ಟರು. ಈ ಮಾತನ್ನು ನೀವೂ ಕೇಳುತ್ತೀರಿ. ಹೇಳುವವರು ಅದನ್ನು ನಂಬಿಯೇ ಹೇಳುತ್ತಾರೆ. ಅವರ ಲೆಕ್ಕದಲ್ಲಿ ಮರವೆಂದರೆ ಕಾಂಡ ಮತ್ತು ಕೊಂಬೆ.

ಮೊದಲು ಹಳೆಯ ಮೋಟು ಗೋಡೆಯನ್ನು ಕೆಡವಿದರು, ಹೊಸ ಕಾಂಪೌಂಡ್ ಕಟ್ಟಲು. ಅಲ್ಲಿಗೆ ನಮ್ಮ ಹಿತ್ತಲೂ ಅವರ ಕೆಲಸದ ಜಾಗವೂ ಒಂದೇ ಆದವು. ಮರದಿಂದ ಐದು ಅಡಿ ದೂರದಲ್ಲಿ, ಸೈಜುಗಲ್ಲಿನ ಪಾಯಕ್ಕಾಗಿ ಮೂರು ಅಡಿ ಆಳದ ಕಾಲುವೆಯನ್ನು ಜೆಸಿಬಿಯಿಂದ ತೋಡಿದರು. ತೋಳು ಗಾತ್ರದ ಬೇರುಗಳನ್ನು ಬಕೆಟ್ ಎಳೆದು ಸಿಗಿದು ಹಾಕಿತು. ಬೇರು ತುಂಡಾದ ಜಾಗದಲ್ಲಿ ಮಾತ್ರ ಗಾಯವಾಗುವುದಿಲ್ಲ. ಎಳೆದ ರಭಸಕ್ಕೆ ಕಾಂಡದ ಕಡೆಗೂ ಸೀಳು ಓಡುತ್ತದೆ, ತೊಗಟೆ ಕಳಚುತ್ತದೆ. ಆ ಸೀಳಿನಿಂದ ಕೊಳೆ ಒಳಗೆ ನುಗ್ಗುತ್ತದೆ.

ಆಮೇಲೆ ಜಲ್ಲಿ, ಎಂ-ಸ್ಯಾಂಡ್ ಬಂತು. ನೆರಳಿದೆ ಎಂದು ಮಿಕ್ಸರ್ ಯಂತ್ರವನ್ನು ಮರದ ಕೆಳಗೇ ನಿಲ್ಲಿಸಿದರು. ಅಮ್ಮ ಒಬ್ಬರೇ ಮನೆಯಲ್ಲಿದ್ದರು; ಎದುರು ನಿಂತು ಬೇಡ ಎಂದರು, ಮೇಸ್ತ್ರಿ ಆಗಲಿ ಎಂದು ತಲೆಯಾಡಿಸಿದರು, ಯಂತ್ರ ಅಲ್ಲೇ ಉಳಿಯಿತು. ಪ್ರತಿ ಸಂಜೆ ಮಿಕ್ಸರ್, ಬಾಣಲಿ ತೊಳೆದ ಸಿಮೆಂಟ್ ನೀರು ಬುಡಕ್ಕೆ ಹರಿಯಿತು. ಕೊನೆಗೆ ಪಾಯದಿಂದ ತೆಗೆದ ಮಣ್ಣನ್ನು ನಮ್ಮ ಹಿತ್ತಲಿಗೆ ಹರಡಿ, "ನಿಮ್ಮ ಹಿತ್ತಲನ್ನೂ ಸಮ ಮಾಡಿ ಕೊಟ್ಟಿದ್ದೇವೆ" ಎಂದರು. ಬುಡದ ಸುತ್ತ ಒಂದು ಅಡಿಗೂ ಹೆಚ್ಚು ಮಣ್ಣು ಏರಿತ್ತು. ಇಷ್ಟೂ ಕೆಲಸದಲ್ಲಿ ಕಾಂಡಕ್ಕೆ ಒಂದು ಗೀರು ಬಿದ್ದಿರಲಿಲ್ಲ.

ಮರದ ಬೇರು ಕೊಂಬೆಗಳಷ್ಟೇ ದೂರ ಹರಡಿರುತ್ತದೆ, ಅಷ್ಟೇ ಆಳಕ್ಕೆ ಇಳಿದಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಎರಡೂ ಸರಿಯಲ್ಲ. ಬೆಳೆದ ಮರದ ಬೇರುಗಳ ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲಿಯೇ ಇರುತ್ತದೆ. ಅಗಲದಲ್ಲಿ ಕೊಂಬೆಗಳ ಅಂಚನ್ನು ದಾಟಿ ಎಷ್ಟೋ ಆಚೆಗೆ ಹೋಗಿರುತ್ತದೆ. ನೀರು, ಪೋಷಕಾಂಶ ಹೀರುವ ಕೂದಲೆಳೆಯ ಬೇರುಗಳಂತೂ ನೆಲದ ಮೇಲ್ಪದರದಲ್ಲೇ. ಅವುಗಳಿಗೆ ನೀರಿನಷ್ಟೇ ಗಾಳಿ ಬೇಕು. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿರುವ ಆಮ್ಲಜನಕದಿಂದ ಬೇರು ಉಸಿರಾಡುತ್ತದೆ. ಲಾರಿ ಹತ್ತಿದರೆ, ಜಲ್ಲಿ ರಾಶಿ ಹಾಕಿದರೆ, ಅದರಲ್ಲೂ ಮಳೆ ಬಿದ್ದು ಹಸಿಯಾದ ನೆಲದ ಮೇಲೆ, ಆ ಸಂದಿಗಳು ಮುಚ್ಚಿಹೋಗುತ್ತವೆ. ನೀರು ಇಂಗುವುದಿಲ್ಲ, ಗಾಳಿ ಇಳಿಯುವುದಿಲ್ಲ. ಒಮ್ಮೆ ಗಟ್ಟಿಯಾದ ಮಣ್ಣು ತಾನಾಗಿ ಸಡಿಲವಾಗಲು ಎಷ್ಟೋ ವರ್ಷ ಬೇಕು. ಮೇಲೆ ಹೊಸ ಮಣ್ಣು ಏರಿಸುವುದೂ ಅಂಥದ್ದೇ ಉಸಿರುಕಟ್ಟು. ಬೇರು ಇದ್ದಲ್ಲೇ ಇರುತ್ತದೆ, ಮೇಲಿನ ನೆಲ ಮಾತ್ರ ಎತ್ತರವಾಗುತ್ತದೆ. ಕಾಂಡದ ತೊಗಟೆ ಯಾವಾಗಲೂ ಹಸಿ ಮಣ್ಣಿನಲ್ಲಿ ಹೂತರೆ ಕೊಳೆಯುತ್ತದೆ. ಹಲಸಿಗಂತೂ ಬುಡದಲ್ಲಿ ನೀರು ನಿಲ್ಲುವುದೇ ಆಗದು.

ಸಿಮೆಂಟ್ ನೀರಿನದು ಇನ್ನೊಂದು ಕಥೆ. ಅದು ಕ್ಷಾರ. ನಮ್ಮ ಮಲೆನಾಡಿನ ಅಂಚಿನ ಕೆಂಪು ಮಣ್ಣು ಹುಳಿ ಗುಣದ್ದು, ಇಲ್ಲಿನ ಮರಗಳು ಅದಕ್ಕೆ ಒಗ್ಗಿವೆ. ಕ್ಷಾರ ಹೆಚ್ಚಾದರೆ ಮಣ್ಣಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಇದ್ದರೂ ಬೇರಿಗೆ ಸಿಗುವುದಿಲ್ಲ. ಎಲೆಯ ನರ ಹಸಿರಾಗಿ ಉಳಿದು ನಡುವೆ ಹಳದಿ ತಿರುಗುತ್ತದೆ.

ಮೋಸ ಹೋಗುವುದು ಮುಂದಿನ ಹಂತದಲ್ಲಿ. ಗೃಹಪ್ರವೇಶವಾದ ಮರುವರ್ಷ ನಮ್ಮ ಹಲಸು ಹಿಂದೆಂದೂ ಬಿಡದಷ್ಟು ಕಾಯಿ ಬಿಟ್ಟಿತು. ಬಂದವರೆಲ್ಲ "ನೋಡಿ, ಸುಮ್ಮನೆ ಹೆದರಿದಿರಿ" ಎಂದರು. ಆದರೆ ಕಷ್ಟಕ್ಕೆ ಸಿಕ್ಕಿದ ಮರ ಕೆಲವೊಮ್ಮೆ ಹೀಗೆ ಮೈತುಂಬ ಕಾಯಿ ಹಿಡಿಯುತ್ತದೆ. ಬೇರು ಹೋದರೂ ಮರ ಕೂಡಲೇ ಸಾಯುವುದಿಲ್ಲ; ಕಾಂಡದಲ್ಲಿ, ಉಳಿದ ಬೇರುಗಳಲ್ಲಿ ಕೂಡಿಟ್ಟ ಆಹಾರದಿಂದ ದಿನ ದೂಡುತ್ತದೆ. ಅದು ಮುಗಿಯುವವರೆಗೆ ಹೊರಗೆ ಹೆಚ್ಚೇನೂ ಕಾಣುವುದಿಲ್ಲ. ಎರಡನೆಯ ವರ್ಷ ಹೊಸ ಎಲೆಗಳು ಚಿಕ್ಕವಾಗಿ ಬಂದವು. ನೆತ್ತಿಯ ಕೊಂಬೆಗಳ ತುದಿ ಬೋಳಾಯಿತು. ಕಾಂಡದ ಮೈಮೇಲೆ ಅಲ್ಲಲ್ಲಿ ಸಣ್ಣ ಚಿಗುರು ಗೊಂಚಲು ಒಡೆದವು. ನಮಗೆ ಅದು ಚೇತರಿಕೆಯಂತೆ ಕಂಡಿತ್ತು. ತೋಟ ನೋಡಿಕೊಳ್ಳುವ ಚಿಕ್ಕಪ್ಪ ಬಂದು, ಬುಡದ ಮಣ್ಣನ್ನು ಕೈಯಿಂದ ಸರಿಸಿ ತೋರಿಸಿದರು: ಹೂತಿದ್ದ ತೊಗಟೆ ಕಪ್ಪಾಗಿ, ಬೆರಳಿಗೆ ಸುಲಿದು ಬರುವಂತಿತ್ತು. ಮೂರನೆಯ ಮಳೆಗಾಲಕ್ಕೆ ಬುಡದಲ್ಲಿ ಗಟ್ಟಿ ಅಣಬೆ ಎದ್ದಿತು. ಅಂಥ ಅಣಬೆ ಕಂಡಿತೆಂದರೆ ಒಳಗಿನ ಕೊಳೆ ಆಗಲೇ ದೂರ ಹೋಗಿರುತ್ತದೆ. ಮುಂದಿನ ಬೇಸಗೆಯ ಗಾಳಿ ಮಳೆಗೆ ಮರ ಮನೆಯ ಕಡೆಗೆ ವಾಲಿತು. ಕಾಲುವೆ ತೋಡಿದ ಬದಿಯಲ್ಲಿ ಅದನ್ನು ಹಿಡಿದು ನಿಲ್ಲಿಸುವ ಬೇರೇ ಇರಲಿಲ್ಲ. ಅನುಮತಿ ಪಡೆದು, ಆಳುಗಳನ್ನು ಹತ್ತಿಸಿ, ಹಗ್ಗ ಕಟ್ಟಿ ತುಂಡು ತುಂಡಾಗಿ ಇಳಿಸಬೇಕಾಯಿತು. ಆ ಖರ್ಚೂ ಅಮ್ಮನದೇ.

ಗುತ್ತಿಗೆದಾರರಿಗೆ ಫೋನ್ ಮಾಡಿದೆ. ಕೆಲಸ ಮುಗಿದು ಇಷ್ಟು ವರ್ಷವಾದ ಮೇಲೆ ಮರ ಒಣಗಿದರೆ ಅದಕ್ಕೂ ತಮಗೂ ಏನು ಸಂಬಂಧ ಎಂದರು. ಈ ಬರಹ ಬರೆಯಲು ಕಾರಣವೇ ಆ ಮಾತು. ಗಾಯ ಮಾಡಿದ ಕೈ ಹೊರಟುಹೋದ ಮೇಲೆ ಮರ ಸಾಯುತ್ತದೆ. ಆದ್ದರಿಂದ ನಂತರ ಕೇಳಬಹುದೆಂಬ ಭರವಸೆ ಇಟ್ಟುಕೊಳ್ಳಬೇಡಿ. ಏನೇ ಮಾಡುವುದಿದ್ದರೂ ಮೊದಲೇ ಮಾಡಬೇಕು, ಬರಹದಲ್ಲಿ ಮಾಡಬೇಕು.

ಮೊದಲು ಅಳತೆ. ಎದೆಯ ಮಟ್ಟದಲ್ಲಿ ಕಾಂಡದ ಸುತ್ತಳತೆ ತೆಗೆದು 3.14ರಿಂದ ಭಾಗಿಸಿದರೆ ವ್ಯಾಸ. ಅದರ 12 ಪಟ್ಟು ದೂರದವರೆಗೆ ಸುತ್ತಲೂ ನೆಲವನ್ನು ಕಾಪಾಡಬೇಕು ಎಂಬುದು ಮರತಜ್ಞರು ಬಹಳ ಕಡೆ ಪಾಲಿಸುವ ಲೆಕ್ಕ. ನಮ್ಮ ಹಲಸಿಗೆ 190 ಸೆಂಟಿಮೀಟರ್ ಸುತ್ತಳತೆ, ಸುಮಾರು 60 ಸೆಂಟಿಮೀಟರ್ ವ್ಯಾಸ, ಅಂದರೆ 7.2 ಮೀಟರ್, ಸುಮಾರು 24 ಅಡಿ. ಮೂವತ್ತು ನಲವತ್ತರ ನಿವೇಶನಗಳ ಊರಿನಲ್ಲಿ ಅಷ್ಟು ಜಾಗ ಬಿಡಿ ಎಂದು ಪಕ್ಕದವರನ್ನು ಕೇಳಲು ಆಗುವುದಿಲ್ಲ; ಅದು ಅವರ ಸ್ವತ್ತು, ಮನೆ ಕಟ್ಟುವುದು ಅವರ ಹಕ್ಕು. ಆದರೆ ನಿಮ್ಮ ಬದಿಯ ನೆಲವನ್ನು ಪೂರ್ತಿ ಉಳಿಸಿಕೊಳ್ಳಬಹುದು. ಒಂದು ಬದಿಯ ಬೇರು ಹೋದರೂ ಉಳಿದ ಮೂರು ಬದಿ ಚೆನ್ನಾಗಿದ್ದರೆ ಅನೇಕ ಮರಗಳು ಬದುಕುತ್ತವೆ. ನಮ್ಮ ಮರಕ್ಕೆ ಅವರ ಬದಿಯಲ್ಲಿ ಬೇರು ಕಡಿದರು, ನಮ್ಮ ಬದಿಯಲ್ಲಿ ಉಸಿರು ಕಟ್ಟಿಸಿದರು. ಇನ್ನೊಂದು ಅಳತೆಯಲ್ಲಂತೂ ರಾಜಿ ಬೇಡ: ವ್ಯಾಸದ ಮೂರು ಪಟ್ಟಿಗಿಂತ ಹತ್ತಿರ ಕಾಲುವೆ ತೋಡಿದರೆ ಮರವನ್ನು ಎತ್ತಿ ಹಿಡಿಯುವ ಬೇರುಗಳೇ ಹೋಗುತ್ತವೆ. ಹಸಿರಾಗಿರುವ ಮರವೂ ಗಾಳಿಗೆ ಬೀಳಬಹುದು. ನಮ್ಮ ಮರಕ್ಕೆ ಆ ಮಿತಿ ಆರು ಅಡಿ, ತೋಡಿದ್ದು ಐದು ಅಡಿಯಲ್ಲಿ.

ಬೇಲಿ ಹಾಕಿಸಿ. ಹಳೆಯ ಗೋಡೆ ಕೆಡವುವ ಮುಂಚೆ, ಸೆಂಟ್ರಿಂಗ್ ಕಂಬ ಅಥವಾ ಬಿದಿರು ನೆಟ್ಟು ತಗಡಿನ ಶೀಟು ಹೊಡೆಯಿರಿ. ಬಾಯಿಮಾತು ಮೇಸ್ತ್ರಿಯಿಂದ ಲಾರಿ ಚಾಲಕನಿಗೆ ತಲುಪುವುದಿಲ್ಲ. ತಗಡು ಎಲ್ಲರಿಗೂ ಕಾಣುತ್ತದೆ. ಆಳುಗಳು ಓಡಾಡಲೇಬೇಕಾದ ಕಡೆ ಕಾಫಿ ಹೊಟ್ಟು, ದರಗು, ಮರದ ಚೂರು, ಯಾವುದಾದರೂ ಅರ್ಧ ಅಡಿಗೂ ಹೆಚ್ಚು ದಪ್ಪ ಹರಡಿ ಮೇಲೆ ಹಲಗೆ ಹಾಕಿಸಿ. ಕೆಲಸ ಮುಗಿದ ಕೂಡಲೇ ತೆಗೆಸಿ. ಕಾಂಡಕ್ಕೆ ಅದು ತಾಗಿರಬಾರದು.

ಕಾಂಪೌಂಡ್ ವಿಷಯದಲ್ಲಿ ಪಕ್ಕದವರನ್ನು ಒಪ್ಪಿಸಲು ಪ್ರಯತ್ನಿಸಿ. ಉದ್ದಕ್ಕೂ ಸೈಜುಗಲ್ಲಿನ ಪಾಯ ತೋಡುವ ಬದಲು, ಮರದ ಹತ್ತಿರ ಮಾತ್ರ ದೂರ ದೂರಕ್ಕೆ ಪಿಲ್ಲರ್ ಗುಂಡಿ ತೆಗೆದು, ನೆಲದ ಮೇಲೆ ಬೀಮ್ ಹಾಯಿಸಿ ಗೋಡೆ ಏರಿಸಬಹುದು. ಬೇರುಗಳು ಬೀಮಿನ ಕೆಳಗೆ ಉಳಿಯುತ್ತವೆ. ಗುಂಡಿಯನ್ನು ಕೈಯಿಂದ ತೋಡಿ, ದಪ್ಪ ಬೇರು ಸಿಕ್ಕರೆ ಜಾಗ ಒಂದಿಷ್ಟು ಸರಿಸಿದರಾಯಿತು. ಖರ್ಚು ಹೆಚ್ಚೆಂದು ಅವರು ಹಿಂಜರಿದರೆ ಆ ವ್ಯತ್ಯಾಸವನ್ನು ನೀವು ಕೊಡಿ. ದೊಡ್ಡ ಮರ ಕಡಿಸಿ ಇಳಿಸುವ ಖರ್ಚು ಅಮ್ಮನಿಗೆ ಗೊತ್ತಿದೆ. ಸಂಪ್, ಶೌಚದ ಗುಂಡಿ ಮರದ ಬದಿಗೆ ಬರದಂತೆ ನಕ್ಷೆಯ ಹಂತದಲ್ಲೇ ಕೇಳಿಕೊಳ್ಳಿ. ನಕ್ಷೆ ಆದ ಮೇಲೆ ಯಾರೂ ಬದಲಿಸುವುದಿಲ್ಲ. ಪೈಪು ಹೋಗಲೇಬೇಕಾದರೆ ಹಾರೆ, ಪಿಕಾಸಿಯಿಂದ ಅಗೆದು ದಪ್ಪ ಬೇರಿನ ಅಡಿಯಲ್ಲಿ ನುಗ್ಗಿಸಬಹುದು.

ಬೇರು ಕತ್ತರಿಸದೆ ವಿಧಿಯಿಲ್ಲ ಎಂದಾದರೆ ಜೆಸಿಬಿ ಇಳಿಯುವ ಮೊದಲೇ ಆ ಗೆರೆಯಲ್ಲಿ ಕೈಯಿಂದ ತೋಡಿ, ಹರಿತವಾದ ಗರಗಸದಿಂದ ನೇರವಾಗಿ ಕುಯ್ಯಿರಿ. ಮಣ್ಣು ಮುಚ್ಚುವವರೆಗೆ ತುದಿಗಳಿಗೆ ಒದ್ದೆ ಗೋಣಿಚೀಲ ಹೊದಿಸಿ. ಟಾರು, ಬಣ್ಣ ಬಳಿಯಬೇಡಿ, ಅದರಿಂದ ಕೊಳೆ ನಿಲ್ಲುವುದಿಲ್ಲ. ಬೇರು ಕಡಿಮೆಯಾಯಿತೆಂದು ಕೊಂಬೆಗಳನ್ನೂ ಅಷ್ಟೇ ತರಿಯಿರಿ ಎಂದು ಹಲವರು ಹೇಳುತ್ತಾರೆ. ಕೇಳಬೇಡಿ. ಹೊಸ ಬೇರಿಗೆ ಬೇಕಾದ ಆಹಾರ ತಯಾರಾಗುವುದು ಎಲೆಯಲ್ಲಿ. ಒಣ ಕೊಂಬೆ, ಬೀಳುವ ಅಪಾಯವಿರುವ ಕೊಂಬೆ ಮಾತ್ರ ತೆಗೆಸಿ. ಯೂರಿಯಾವನ್ನೂ ಸುರಿಯಬೇಡಿ. ಅದು ಎಲೆಯನ್ನು ಚಿಗುರಿಸುತ್ತದೆ, ಆ ಎಲೆಗೆ ನೀರು ಒದಗಿಸುವ ಬೇರು ಇರುವುದಿಲ್ಲ. ಮರಕ್ಕೆ ಬೇಕಾದದ್ದು ಬೇಸಗೆಯಲ್ಲಿ ನಿಧಾನವಾಗಿ ಆಳಕ್ಕಿಳಿಯುವ ನೀರು, ನೆಲದ ಮೇಲೆ ದರಗಿನ ಹೊದಿಕೆ.

ಕಾನೂನಿನ ಬಗ್ಗೆ ಸ್ವಲ್ಪ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟು, ನಿಮ್ಮದೇ ಜಾಗದ ಮರ ಕಡಿಯಲೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ಆದರೆ ಪಾಯ ತೋಡುವಾಗ ಹೋದ ಬೇರನ್ನು ಮೂರು ವರ್ಷದ ನಂತರ ಸಾಬೀತು ಮಾಡುವುದು ಹೇಗೆ? ದಿನಾಂಕ ಸಹಿತ ಫೋಟೋ ಮಾತ್ರ ನಿಮ್ಮ ಕೈಯಲ್ಲಿರುವ ಸಾಕ್ಷಿ. ಮಾಲೀಕರಿಗೆ ಒಂದು ಪತ್ರ ಬರೆದು, ಮರದ ಅಳತೆ, ಬೇಲಿಯ ಜಾಗ, ಸಿಮೆಂಟ್ ತೊಳೆಯುವ ಜಾಗವನ್ನು ನಮೂದಿಸಿ ಗುತ್ತಿಗೆದಾರರಿಂದಲೂ ಸಹಿ ಹಾಕಿಸಿಕೊಳ್ಳಿ. ನೀವೇ ಮನೆ ಕಟ್ಟಿಸುತ್ತಿದ್ದರೆ ಕರಾರಿನಲ್ಲೇ ಸೇರಿಸಿ, ಕೊನೆಯ ಕಂತಿನ ಒಂದು ಭಾಗವನ್ನು ಅದಕ್ಕೆಂದೇ ತಡೆಹಿಡಿಯಿರಿ.

ಕಟ್ಟಡ ಮುಗಿದ ಮೇಲೂ ಒಂದು ಅಪಾಯ ಉಳಿದಿರುತ್ತದೆ. ಅಂಗಳಕ್ಕೆ ಇಂಟರ್‌ಲಾಕ್ ಟೈಲ್ಸ್ ಹಾಕುವವರು ಕಾಂಡದವರೆಗೂ ಕಾಂಕ್ರೀಟ್ ಸುರಿಯುತ್ತಾರೆ. ದೆಹಲಿಯ ಮರಗಳ ಸುತ್ತ ಕನಿಷ್ಠ ಒಂದು ಮೀಟರ್‌ವರೆಗಿನ ಕಾಂಕ್ರೀಟನ್ನು ಒಡೆದು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿತ್ತು. ಆ ಒಂದು ಮೀಟರ್ ತೀರಾ ಕಡಿಮೆ, ಆದರೆ ಅಷ್ಟನ್ನಾದರೂ ಬಿಡಿ. ಐದಾರು ವರ್ಷ ಮರದ ನೆತ್ತಿಯನ್ನು ನೋಡುತ್ತಿರಿ. ಚಿಕ್ಕ ಎಲೆ, ಬೋಳು ತುದಿ, ಬುಡದಲ್ಲಿ ಅಣಬೆ, ಬುಡದ ಒಂದು ಬದಿಯಲ್ಲಿ ನೆಲ ಬಿರಿದಿರುವುದು, ಇವುಗಳಲ್ಲಿ ಯಾವುದು ಕಂಡರೂ ಮಳೆಗಾಲಕ್ಕೆ ಕಾಯದೆ ಮರ ಬಲ್ಲವರನ್ನು ಕರೆಸಿ. ನೆಲ ಬಿರಿದಿದ್ದರಂತೂ ಅವರು ಬಂದು ನೋಡುವವರೆಗೆ ಆ ಬದಿಯ ಕೋಣೆಯಲ್ಲಿ ಯಾರನ್ನೂ ಮಲಗಲು ಬಿಡಬೇಡಿ.